ಲಕೋಟೆ ಹದಿನೇಳು

ಸಜ್ಜಾ ಕ್ಯಾಂಪಿನ ಊಟದ ಹಾಲು.
ಶುಕ್ರವಾರ, ಜುಮಾ ನಮಾಜು ಮುಗಿದ ಮೇಲೆ
ನಾನು ದುಭಾಷಿ. ದಿನಕ್ಕೆ ನೂರೈವತ್ತು ದಿರಹಂ.
ಉಳಿದ ಆರು ದಿನ ಏಸಿ ರಿಪೇರಿ.

ಡಾಕ್ಟರ್ ಹನಾನ್ ಮೊದಲೇ ಹೇಳಿದ್ದರು:
ಬರೆದದ್ದನ್ನಷ್ಟೇ ಓದು. ನಗಬೇಡ. ಹುಬ್ಬು ಹಾರಿಸಬೇಡ.
ನಿನ್ನ ದನಿ ಏರಿದರೆ ಅವರ ಕೈ ಏರುತ್ತದೆ,
ಆಮೇಲೆ ನಾವು ಅಳೆಯುವುದು ನಿನ್ನ ದನಿಯನ್ನು.

ಹಾಗಾಗಿ ಸತ್ತ ದನಿಯಲ್ಲಿ ಓದಿದೆ,
ಕನ್ನಡದಲ್ಲಿ, ಹಿಂದಿಯಲ್ಲಿ, ನನ್ನ ಹರುಕು ಮಲಯಾಳದಲ್ಲಿ:
"ನಿಮ್ಮ ಬಳಿ ಹತ್ತು ಬಿಲ್ಲೆ ಇವೆ.
ಪಕ್ಕದ ಕೋಣೆಯಲ್ಲಿ ಒಬ್ಬ ಇದ್ದಾನೆ.
ನೀವು ಕಳಿಸಿದ್ದು ದಾರಿಯಲ್ಲಿ ಮೂರು ಪಟ್ಟಾಗುತ್ತದೆ.
ಅವನು ಬೇಕಾದರೆ ಹಿಂದಕ್ಕೆ ಕಳಿಸುತ್ತಾನೆ.
ಬೇಡವಾದರೆ ಇಲ್ಲ."

ಅರ್ಧ ಲಕೋಟೆಗಳ ಮೇಲೆ ಆಚೆಯವನ ದೇಶದ ಹೆಸರು,
ಇನ್ನರ್ಧ ಖಾಲಿ.
ಹೆಸರು ಕಂಡರೆ ಕೈ ಮುಂದೆ ಹೋಗುತ್ತದೋ
ಹಿಂದೆ ಸರಿಯುತ್ತದೋ, ನೋಡಬೇಕಾದ್ದು ಅಷ್ಟೇ.
ದೇಶದಿಂದ ದೇಶಕ್ಕೆ ಸರಕು ಸಾಗುವಾಗ
ಅಪನಂಬಿಕೆಯೂ ಒಂದು ಸುಂಕ, ಎಂದಿದ್ದರು ಡಾಕ್ಟರ್,
ಯಾವ ಬಂದರಿನ ರಸೀದಿಯಲ್ಲೂ ಅದನ್ನು ಬರೆಯುವುದಿಲ್ಲ.

ಡಂಬರ್ ಬಹಾದೂರ್ ಐದು ಕಳಿಸಿದ.
ರುಹುಲ್ ಅಮೀನ್ ಲಕೋಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ
ಎರಡು.
ಬಾಗಲಕೋಟೆ ಕಡೆಯ ಯಲಗೂರಪ್ಪ, ಗಾರೆ ಮೇಸ್ತ್ರಿ,
ಹತ್ತಕ್ಕೆ ಹತ್ತು, ಹೆಸರಿಲ್ಲದ ಲಕೋಟೆಗೆ.
ಯಾಕೆ ಎಂಬ ಪ್ರಶ್ನೆ ಕೊನೆಯ ಪುಟದಲ್ಲಿತ್ತು. ಕೇಳಿದೆ.
"ಮೂರು ಪಟ್ಟ ಆಗ್ತದಂದ್ರ ತಡಿಯೂದ್ಯಾಕ್ರಿ?
ಯಾರ ಕಿಸೇದಾಗರ ಆಗಲಿ, ಆಗೂದು ಆಗಲಿ."
ಇಂಗ್ಲಿಷಿಗೆ ತಿರುಗಿಸುವಾಗ
ಆ 'ಆಗಲಿ' ಎಲ್ಲೋ ಬಿದ್ದುಹೋಯಿತು.

ಸ್ವಲ್ಪ ಹೊತ್ತಿಗೆ ಆಚೆಯಿಂದ ಲಕೋಟೆ ಮರಳಿ ಬಂತು.
ಸಂಖ್ಯೆ ಹದಿನೇಳು. ಒಳಗೆ ಏನೂ ಇಲ್ಲ.
ಮೂವತ್ತರಲ್ಲಿ ಸೊನ್ನೆ.

ಹದಿನೇಳು ಯಾರೆಂದು ನನಗೆ ಗೊತ್ತಾಗಬಾರದಿತ್ತು.
ಆದರೆ ಕಾಗದದ ಅಂಚನ್ನು ಎರಡು ಸಲ ಮಡಚಿ
ಉಗುರಿನಿಂದ ತೀಡುವವನು ಇಡೀ ಕ್ಯಾಂಪಿಗೆ ಒಬ್ಬನೇ:
ನನ್ನ ಮೇಲಿನ ಮಂಚದ ಗುಲ್ ಜಮಾನ್.
ಕಳೆದ ಚಳಿಗಾಲ ಕಂಪನಿ ಮೂರು ತಿಂಗಳ ಸಂಬಳ ನುಂಗಿದಾಗ
ಎಂಟು ಜನಕ್ಕೆ ಹಿಟ್ಟು ತಂದು ಹಾಕಿದವನು,
ಯಾರದು ಯಾವ ದೇಶ ಎಂದು ಕೇಳದೆ,
ಚೀಟಿಯಲ್ಲೂ ಬರೆದಿಡದೆ.
ಆ ರೊಟ್ಟಿ ತಿಂದವರಲ್ಲಿ ಯಲಗೂರಪ್ಪ ಇದ್ದ. ನಾನಿದ್ದೆ.

ಗುಟ್ಟು ಕಾಯುತ್ತೇನೆಂದು ಸಹಿ ಹಾಕಿದ್ದೆ.
ಮೂರು ರಾತ್ರಿ ತಡೆದುಕೊಂಡೆ. ನಾಲ್ಕನೆಯ ರಾತ್ರಿ
ಮೇಲಿನ ಹಲಗೆಗೆ ಕಾಲಿನಿಂದ ತಟ್ಟಿ ಕೇಳಿಯೇಬಿಟ್ಟೆ.
ಕತ್ತಲು ಉತ್ತರ ಕೊಟ್ಟಿತು:
"ಅದು ಮೇಡಮ್ಮಿನ ದುಡ್ಡು. ಆಟದ್ದು.
ಯಾರ ಬೆವರೂ ಅಂಟಿರಲಿಲ್ಲ.
ಬೆವರಿನದಾಗಿದ್ದರೆ ತಿರುಗಿ ಕೊಡುತ್ತಿದ್ದೆ."
ನಿದ್ದೆ ಹೋದನೆಂದುಕೊಂಡೆ. ಇಲ್ಲ.
"ಮಗಳಿಗೆ ಕನ್ನಡಕ ಬೇಕಿತ್ತು," ಎಂದ.

ಎರಡರಲ್ಲಿ ಯಾವುದು ಕಾರಣವೋ. ಎರಡೂ ಇರಬಹುದು.
ಆ ಪುಟದಲ್ಲಿ ಜಾಗ ಒಂದೇ ಸಾಲು.
ಡಾಕ್ಟರಿಗೆ ನಾನು ಹೇಳಲಿಲ್ಲ.
ಅವರದ್ದೇನು ತಪ್ಪು? ತಕ್ಕಡಿ ತೂಗುವುದು
ತಟ್ಟೆಗೆ ಬಿದ್ದದ್ದನ್ನು.

ತಿಂಗಳ ಕೊನೆ. ರೋಲಾದ ಎಕ್ಸ್‌ಚೇಂಜ್ ಕೌಂಟರು.
ಹಲಗೆಯ ಮೇಲೆ ಕೆಂಪು ಅಂಕಿ ಮಿಣುಕುತ್ತದೆ;
ಇಲ್ಲಿ ಒಂದಕ್ಕೆ ಮೂರಲ್ಲ, ಇಪ್ಪತ್ತರ ಮೇಲೆ.
ಹೊನ್ನಾವರದ ತಂಗಿಯ ಹೆಸರು ಬರೆಯುತ್ತೇನೆ.
ಹನ್ನೊಂದು ವರ್ಷ, ಕಳಿಸುವ ಕೋಣೆಯಲ್ಲಿ ನಾನೇ.
ಹಿಂದಕ್ಕೆ ಬಂದದ್ದು: ಊರಿಂದ ಹೊರಟವರ ಬ್ಯಾಗಿನಲ್ಲಿ
ಎರಡು ಡಬ್ಬ ಒಣ ಸೀಗಡಿ;
ಹೊಲಿಗೆ ಮಷಿನ್ನಿನ ಫೋಟೋ, ಅದಕ್ಕೆ ಕುಂಕುಮ ಹಚ್ಚಿದ್ದು;
ಒಂದು ದೊಡ್ಡ ಜಗಳ;
ಗುರುವಾರ ಗುರುವಾರ ಒಂದು ಮಿಸ್ಡ್ ಕಾಲ್.

ಕೌಂಟರಿನ ಹುಡುಗ ತಲೆ ಎತ್ತದೆ ಕೇಳುತ್ತಾನೆ,
ಥೇಟ್ ನನ್ನದೇ ಸತ್ತ ದನಿ:
"ಕಳಿಸುವ ಕಾರಣ?"

ಮನೆ ಖರ್ಚು, ಎನ್ನುತ್ತೇನೆ.
ಅದಕ್ಕೊಂದು ಚೌಕ ಇದೆ. ಗೀಟು ಹಾಕುತ್ತಾನೆ.